ಊಟ ಬಿಟ್ಟ ಹಲ್ಲಿ

ಊರಿಗಾಂ
೧೧-೧-೨೦೨೪, ಗುರುವಾರ

ಚಿ. ಸುಮಲತಾಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

‘ಅದಕ್ಕೆ ಮೊದಲು, ಅಪ್ಪಾ…’ ಎಂದು ನೀನು ಕಿಟಕಿಯ ಕಂಬಿ ಹಿಡಿದುಕೊಂಡು ಹೇಳುತ್ತಿದ್ದೆಯಲ್ಲ, ಅಷ್ಟರಲ್ಲಿ ಗಾಡಿ ಹೊರಟೇಬಿಟ್ಟಿತು. ಯಾವುದಕ್ಕೆ ಮೊದಲು? ಏನು ಮಾಡಬೇಕು ಮೊದಲು? ಬಂಗಾರಪೇಟೆ ಪ್ಲಾಟ್‌ಫಾರಂ ಮುಗಿಯುವವರೆಗೂ ಗಾಡಿಯ ಜೊತೆ ಓಡಿದೆ. ನಿನ್ನ ಬಾಯಿ ಆಡುತ್ತಿದ್ದದ್ದು ಕಾಣಿಸಿತು, ಮಾತು ಕೇಳಿಸಲಿಲ್ಲ. ತುಟಿ ಅಷ್ಟು ಊದಿಕೊಂಡಿರುವಾಗ ಬಾಯಿ ನೋಡಿ ತಿಳಿದುಕೊಳ್ಳುವುದಾದರೂ ಹೇಗೆ? ಆ ಹಲ್ಲಿಗೆ ಮೇವು ಹಾಕುವ ವಿಷಯ ಅಂತ ಮಾತ್ರ ಗೊತ್ತಾಯಿತು. ಮಿಕ್ಕಿದ್ದನ್ನು ನೀನು ಕುಪ್ಪಂಗೆ ತೆಗೆದುಕೊಂಡು ಹೋದೆ.

‘ಚಿ.’ ಆದಮೇಲೆ ‘ಸೌ.’ ಕಾಣಲಿಲ್ಲವೆಂದು ಗಾಬರಿಯಾಗಬೇಡ. ಬೈರೇಶ್ ಬದುಕಿದ್ದಾನೆ. ನಿನ್ನ ಮದುವೆಯಾದಾಗಿನಿಂದ ಲಗ್ನಪತ್ರಿಕೆಯ ಮೇಲೆ, ಸೀರೆಯ ಡಬ್ಬಿಯ ಮೇಲೆ, ಎಲ್ಲೆಲ್ಲಿ ನಿನ್ನ ಹೆಸರು ಬರೆದೆನೋ ಅಲ್ಲೆಲ್ಲ ‘ಚಿ. ಸೌ.’ ಎಂದೇ ಬರೆದವನು ನಾನು. ಇವತ್ತು ಕೈ ಬರಲಿಲ್ಲ, ಅಷ್ಟೇ.

ಇಲ್ಲಿ ಎಲ್ಲರೂ ಕ್ಷೇಮ. ಯಾರೂ ಬಂದಿರಲಿಲ್ಲ. ಅಕ್ಷರ ಸೊಟ್ಟಗಿದ್ದರೆ ಚಳಿ ಕಾರಣ. ಸಂಕ್ರಾಂತಿ ಹತ್ತಿರ ಬಂದರೂ ಊರಿಗಾಂನ ಗಣಿಮನೆಗಳ ಈ ಲೈನಿನಲ್ಲಿ ಇನ್ನೂ ಹೊತ್ತು ಏರುವವರೆಗೆ ಕಂಬಳಿ ಬಿಡುವ ಹಾಗಿಲ್ಲ. ಫೋನ್ ಮಾಡೋಣವೆಂದರೆ ನಿನ್ನದನ್ನು ಅವನು ತನ್ನ ಸಾಕುಪ್ರಾಣಿ ಅಂಗಡಿಯ ಮೀನಿನ ತೊಟ್ಟಿಯೊಳಗೆ ಹಾಕಿದ. ಕುಪ್ಪಂನ ನಿಮ್ಮ ಸೋದರತ್ತೆ ಪಾಪಕ್ಕನಿಗೆ ಮಾಡಿದರೆ ಅವಳು ಸ್ಪೀಕರ್ ಒತ್ತಿ ಬೀದಿಗೆಲ್ಲ ಕೇಳಿಸುತ್ತಾಳೆ. ಪಕ್ಕದ ಮನೆ ಸೆಲ್ವಿ ನಾಳೆ ಬೆಳಗಿನ ಗಾಡಿಗೆ ಪೊಂಗಲ್‌ಗೆಂದು ಕುಪ್ಪಂ ಕಡೆ ತಾಯಿಮನೆಗೆ ಹೊರಟಿದ್ದಾಳೆ. ಈ ಕಾಗದ ಅವಳ ಕೈಯಲ್ಲಿ ಬರುತ್ತದೆ. ಆಮೇಲೆ ಹರಿದುಹಾಕು.

ಈಗ ಹಲ್ಲಿಯ ಸಮಾಚಾರ. ನಿನ್ನೆ ಸಂಜೆ ನಿನ್ನನ್ನು ಗಾಡಿ ಹತ್ತಿಸಿ ಬಂದವನೇ, ನೀನು ಮನೆಯಲ್ಲಿ ಬಿಟ್ಟುಹೋದ ಗಾಜಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ನೋಡಿದೆ. ನಮ್ಮ ಗೋಡೆ ಹಲ್ಲಿಗಳನ್ನು ನೋಡಿದ ಕಣ್ಣಿಗೆ ಅದು ಹಲ್ಲಿ ಅನ್ನಿಸುವುದೇ ಇಲ್ಲ. ಹಳದಿ ಮೈ, ಚಿರತೆಯ ಹಾಗೆ ಚುಕ್ಕೆ, ಮೇಲೆ ಮನುಷ್ಯರಂತೆ ರೆಪ್ಪೆ ಮುಚ್ಚಿ ತೆಗೆಯುತ್ತದೆ. ನೀನು ಇಟ್ಟಿದ್ದ ಹೆಂಚಿನ ಚೂರಿನ ಕೆಳಗೆ ಮುದುರಿಕೊಂಡಿತ್ತು. ಅಂಗಡಿಗೆ ಬಂದಾಗ ಬಾಲ ಗೆಣಸಿನ ಹಾಗಿತ್ತು ಅಂದೆಯಲ್ಲ, ಈಗ ಬೀನ್ಸ್ ಕಾಯಿಯ ಹಾಗಾಗಿತ್ತು. ಒಂದು ಜಿರಲೆ ಹೊಡೆದು ಮೂತಿಯ ಮುಂದೆ ಇಟ್ಟೆ. ತಿರುಗಿ ಕೂಡ ನೋಡಲಿಲ್ಲ. ಸತ್ತದ್ದನ್ನು ತಿನ್ನುವುದಿಲ್ಲ, ಓಡಾಡುತ್ತಿರಬೇಕು ಎಂದು ನೀನು ಹೇಳಿದ್ದು ಆಮೇಲೆ ನೆನಪಾಯಿತು.

ಅದು ಹೊರಗೆ ಬರುವುದನ್ನೇ ಕಾಯುತ್ತಾ ಕೂತಿರುವಾಗ ಲ್ಯಾಂಪ್ ರೂಮಿನ ನೆನಪು ಬಂತು. ಗಣಿಗೆ ಇಳಿಯುವವರಿಗೆಲ್ಲ ನಾನೇ ಅಲ್ಲವೇ ತಲೆದೀಪ ಕೊಟ್ಟು ಕಳಿಸುತ್ತಿದ್ದದ್ದು. ಷಿಫ್ಟ್ ಮುಗಿದಾಗ ಒಂದು ಕೊಕ್ಕೆ ಖಾಲಿಯಿದ್ದರೆ ಒಬ್ಬ ಮನುಷ್ಯ ಇನ್ನೂ ಕೆಳಗೇ ಇದ್ದಾನೆ ಅಂತ ಅರ್ಥ. ಒಳಗೆ ಬಂಡೆ ಸಿಡಿದು ಈ ಲೈನಿನ ತಗಡುಗಳೆಲ್ಲ ಅದುರಿದ ದಿನ ಆ ಕೊಕ್ಕೆಗಳ ಮುಂದೆ ನಿಂತು ಕಾಯುವುದಿತ್ತಲ್ಲ, ಅದು ನನ್ನ ಶತ್ರುವಿಗೂ ಬೇಡ. ನೀನು ಬಂಗಾರಪೇಟೆಯಲ್ಲಿ ಸಂಸಾರ ಮಾಡಿದಷ್ಟು ಕಾಲವೂ ನಾನು ಹಾಗೇ ನಿಂತಿದ್ದೆ ಅಂತ ಈಗ ಅನ್ನಿಸುತ್ತದೆ. ಇರಲಿ. ಟು ಕಮ್ ಟು ದಿ ಪಾಯಿಂಟ್.

ಬೆಳಿಗ್ಗೆ, ಗಣಿಯ ಮಣ್ಣು ಸುರಿದ ಸೈನೇಡ್ ದಿಬ್ಬದ ಬುಡದಲ್ಲಿ, ಆ ಒಣಗಿದ ಲಂಟಾನ ಪೊದೆಯಲ್ಲಿ ಮಿಡತೆ ಹಿಡಿದೆ. ನೆಗೆಯದ ಹಾಗೆ ಹಿಂಗಾಲು ಮುರಿದು ಹಾಕಬೇಕು ಎಂದು ನೀನು ಅಂದಿದ್ದೆ. ಮುರಿದೆ. ಬೆಂಕಿಕಡ್ಡಿ ಮುರಿದ ಸದ್ದೇ ಬರುತ್ತದೆ. ಕಾಲು ನನ್ನ ಬೆರಳಿಗೆ ಅಂಟಿಕೊಂಡು ಇನ್ನೂ ಒದೆಯುತ್ತಿರುತ್ತದೆ. ಮೊದಲನೆಯದಾದ ಮೇಲೆ ಬೆರಳನ್ನು ಮಣ್ಣಿಗೆ ತಿಕ್ಕಿಕೊಂಡೆ. ಆಮೇಲಾಮೇಲೆ ಏನೂ ಅನ್ನಿಸಲಿಲ್ಲ ನೋಡು. ಮನುಷ್ಯನ ಕೈ ಇಂಥದ್ದನ್ನು ಎಷ್ಟು ಬೇಗ ಕಲಿಯುತ್ತದೆ! ಆ ಮಿಡತೆಗಳು ಪೆಟ್ಟಿಗೆಯಲ್ಲಿ ತೆವಳಿ ತೆವಳಿ ಹಲ್ಲಿಯ ಬೆನ್ನಿನ ಮೇಲೆಯೇ ಹತ್ತಿದವು. ಅದು ಕಣ್ಣು ಮುಚ್ಚಿಕೊಂಡಿತು.

ನನಗೆ ಸಿಟ್ಟು ಬಂತು. ಒಂದು ಮಿಡತೆಯ ತಲೆ ಚಿವುಟಿ, ಹಲ್ಲಿಯನ್ನು ಎಡಗೈಯಲ್ಲಿ ಹಿಡಿದು, ಚಮಚದ ಹಿಡಿಯಿಂದ ಅದರ ಬಾಯಿ ತೆರೆಯಲು ನೋಡಿದೆ. ವಸಡಿನಿಂದ ಸಾಸಿವೆಯಷ್ಟು ರಕ್ತ ಬಂತು. ಸೆಲ್ವಿ ಅದೇ ಹೊತ್ತಿಗೆ ಮಜ್ಜಿಗೆ ತಂದವಳು ಬಾಗಿಲಲ್ಲೇ ನಿಂತು ಕಿರುಚಿದಳು.

‘ಅಯ್ಯೋ, ಬುಡೀ ಅಯ್ಯಾ! ನೀವೂನಾ? ನಿಮ್ಮ ಅಳಿಯ ಇಂಗೇ ಅಲ್ವಾ ಮಾಡಿದ್ದು ನಿಮ್ಮ ಮಗಳಿಗೆ!’

ನೀನು ನನಗೆ ಹೇಳದೆ ಸೆಲ್ವಿಗೆ ಹೇಳಿದ್ದನ್ನು ಅವಳು ಅಲ್ಲೇ ನಿಂತು ಹೇಳಿಬಿಟ್ಟಳು. ಅವಳನ್ನು ಬಯ್ಯಬೇಡ. ಬೆಂಗಳೂರಿನ ಗಿರಾಕಿ ಬರುವ ಹೊತ್ತಿಗೆ ಹಲ್ಲಿ ಸೊರಗಿಹೋಗಿದೆ ಎಂದು ಅವನು ನಿನ್ನನ್ನು ಮೀನು ಹಿಡಿಯುವ ಬಲೆಯ ಹಿಡಿಯಿಂದ ಹೊಡೆದದ್ದು ನನಗೆ ಗೊತ್ತಿತ್ತು. ಅದರ ಬರೆ ನಿನ್ನ ತೋಳಿನ ಮೇಲೆ ನೋಡಿದ್ದೆ. ಕಿತ್ತ ಕೂದಲಿನ ಜಾಗವನ್ನೂ ನೋಡಿದ್ದೆ. ‘ತಿನ್ಸಕ್ಕೆ ಬರಲ್ವಾ ನಿಂಗೆ? ಎಂಗ್ ತಿನ್ಬೇಕೂಂತ ನೀನೇ ತಿಂದು ತೋರ್ಸು ಅದಕ್ಕೆ’ ಎಂದು ಹುಳುವಿನ ಸ್ಟೀಲ್ ಬಟ್ಟಲನ್ನೇ ನಿನ್ನ ಬಾಯಿಗೆ ಗುದ್ದಿದ್ದು, ಹಲ್ಲು ಮುರಿದದ್ದು ಆ ಬಟ್ಟಲಿನ ಅಂಚಿಗೆ ಎಂಬುದು ಗೊತ್ತಿರಲಿಲ್ಲ. ನನ್ನ ಹತ್ತಿರ ನೀನು ‘ಬಚ್ಚಲಲ್ಲಿ ಜಾರಿಬಿದ್ದೆ’ ಅಂದಿದ್ದೆ.

ಚಮಚ ಕೆಳಗಿಟ್ಟೆ. ಹಲ್ಲಿಯನ್ನು ಹೆಂಚಿನ ಕೆಳಗೆ ಬಿಟ್ಟೆ. ಆಗ, ಯಾಕೆಂದು ಕೇಳಬೇಡ, ಕೋಲಾರದ ಕಾಲೇಜು ನೆನಪಾಯಿತು. ನಾನು ಬಿ.ಎಸ್ಸಿ. ಓದಿದ್ದು ಒಂದೇ ವರ್ಷವಾದರೂ ಝುವಾಲಜಿಯ ಶ್ರೀನಿವಾಸಪ್ಪ ಮೇಷ್ಟರನ್ನು ಮರೆತಿಲ್ಲ. ಮೇಜಿನ ಮೇಲೆ ಕಪ್ಪೆಯ ಹೊಟ್ಟೆ ಸೀಳಿ ನಾಲ್ಕು ಕಾಲಿಗೂ ಗುಂಡುಸೂಜಿ ಹೊಡೆದು, ‘ಜಂಟಲ್‌ಮೆನ್, ಅಬ್ಸರ್ವ್’ ಅನ್ನುತ್ತಿದ್ದರು. ಹಲ್ಲಿ, ಹಾವುಗಳ ಪಾಠದಲ್ಲಿ ಒಂದು ಉದ್ದನೆಯ ಮಾತು ಬರುತ್ತಿತ್ತು. ಪಾಯ್ಕಿಲೋ ಅಂತಲೋ ಏನೋ, ಬಾಲ ಮರೆತಿದೆ. ಅರ್ಥ ಮಾತ್ರ ಇದೆ: ಕೋಲ್ಡ್ ಬ್ಲಡೆಡ್. ನೋ ಹೀಟ್, ನೋ ಡೈಜೆಷನ್. ಮೈ ಬೆಚ್ಚಗಾಗದೆ ಅದಕ್ಕೆ ತಿಂದದ್ದು ಅರಗುವುದಿಲ್ಲ. ಅರಗುವುದಿಲ್ಲವೆಂದು ಅದಕ್ಕೇ ಗೊತ್ತಿರುತ್ತದೆ, ಅದಕ್ಕೇ ತಿನ್ನುವುದಿಲ್ಲ.

‘ಅದಕ್ಕೆ ಮೊದಲು, ಅಪ್ಪಾ…’ ಬೆಚ್ಚಗೆ ಮಾಡು ಅಂತ ತಾನೇ ನೀನು ಹೇಳುತ್ತಿದ್ದದ್ದು? ಹೂಂ ಅನ್ನು.

ನಿಮ್ಮಮ್ಮನ ಸೊಂಟನೋವಿಗೆ ತಂದಿದ್ದ ಬಿಸಿನೀರಿನ ರಬ್ಬರ್ ಚೀಲ ಅಟ್ಟದ ಮೇಲಿತ್ತು. ಅವಳು ಹೋದಮೇಲೆ ಮುಟ್ಟಿರಲಿಲ್ಲ. ದೂಳು ಒರೆಸಿ, ದೊಡ್ಡ ಪಾತ್ರೆಯಲ್ಲಿ ನೀರು ಕಾಯಲು ಇಟ್ಟೆ. ನೀರು ಕುದಿಯಿತು. ಚೀಲಕ್ಕೆ ತುಂಬಿ, ಬಟ್ಟೆ ಸುತ್ತಿ, ಪೆಟ್ಟಿಗೆಯ ಅಡಿಗಿಟ್ಟೆ. ಹಲ್ಲಿ ಈಗ ಅದರ ಮೇಲೆ ಹೊಟ್ಟೆ ಒತ್ತಿಕೊಂಡು ಮಲಗಿದೆ. ಬಾಲ ಮಾತ್ರ ಹೋಯಿತು. ನಾನು ಎತ್ತುವಾಗ ಬಾಲ ಹಿಡಿದೆ, ಕಳಚಿಕೊಂಡಿತು. ಅದಕ್ಕೂ ಇಂಗ್ಲಿಷಿನಲ್ಲಿ ಒಂದು ಹೆಸರಿದೆ, ಆಟೋ ಎಂದು ಶುರುವಾಗುತ್ತದೆ.

ಇಲ್ಲ ಮಗಳೇ. ಇಲ್ಲಿಯವರೆಗೆ ಬರೆದು ನೋಡಿದೆ, ಆಗುವುದಿಲ್ಲ. ಸೆಲ್ವಿ ನಾಳೆ ಅಲ್ಲಿಗೆ ಬರುವವಳು, ಅವಳ ಬಾಯಿ ನಿನಗೂ ಗೊತ್ತು. ಅವಳು ಹೇಳಿ ನೀನು ಕೇಳುವುದಕ್ಕಿಂತ ನಾನೇ ಬರೆಯುವುದು ವಾಸಿ.

ಬಾಲ ಹಿಡಿದದ್ದು ನಾನಲ್ಲ. ಬೈರೇಶ್ ಬಂದಿದ್ದ.

ನೀರು ಕುದಿಯುತ್ತಿತ್ತು, ಇನ್ನೂ ಚೀಲಕ್ಕೆ ತುಂಬಿರಲಿಲ್ಲ. ‘ಮಾವ, ಸೆಂದಾಗಿದ್ದೀರಾ?’ ಎಂದುಕೊಂಡೇ ಒಳಗೆ ಬಂದ. ಚಪ್ಪಲಿ ಬಿಡಲಿಲ್ಲ. ‘ಸುಮಾನ ಕರಿರಿ, ಕರ್ಕೊಂಡೋಯ್ತೀನಿ.’ ಇಲ್ಲಿಲ್ಲ ಅಂದೆ. ‘ಇಲ್ಲಾಂದ್ರೆ ಎಲ್ಲವ್ಳೆ?’ ಗೊತ್ತಿಲ್ಲ ಅಂದೆ. ಕೋಣೆ, ಹಿತ್ತಿಲು, ಮಂಚದ ಕೆಳಗೆ ನೋಡಿ ಬಂದ. ನಿಮ್ಮಮ್ಮನ ಸೀರೆಗಳಿರುವ ಬೀರುವಿನ ಬಾಗಿಲನ್ನು ಕಾಲಿನಿಂದ ಒದ್ದು ತೆರೆದ. ಆಮೇಲೆ ಗಾಜಿನ ಪೆಟ್ಟಿಗೆ ಕಣ್ಣಿಗೆ ಬಿತ್ತು.

‘ಇದನ್ ಬುಟ್ಬುಟ್ ಓಗವ್ಳೆ ಅಂದ್ರೆ ನಿಂಗ್ ಗೊತ್ತು ಕಣ್ಲಾ ಮುದ್ಕ’ ಎಂದ. ‘ಬೊಗುಳು. ಇಲ್ಲಾಂದ್ರೆ ಇದ್ರ ತಲೆ ತಿರುವಾಕಿ ಆಮ್ಯಾಕ್ ನಿನ್ ತಲೆ ತಿರುವ್ತೀನಿ.’ ಕೈ ಹಾಕಿ ಹಲ್ಲಿಯನ್ನು ಬಾಲ ಹಿಡಿದು ಎತ್ತಿದ. ನನ್ನ ಕಣ್ಣ ಮುಂದೆ ಆಡಿಸಿದ. ನಾನು ಕೈ ಚಾಚಿದ್ದಕ್ಕೆ ತನ್ನ ತಲೆಗಿಂತ ಮೇಲಕ್ಕೆ ಹಿಡಿದ. ಬಾಲ ಅವನ ಮುಷ್ಟಿಯಲ್ಲೇ ಉಳಿಯಿತು, ಹಲ್ಲಿ ಅವನ ನೆತ್ತಿಯ ಮೇಲೆ ಬಿತ್ತು.

ಅವನ ಮುಷ್ಟಿಯಲ್ಲಿ ಆ ಬಾಲ ಎರೆಹುಳುವಿನ ಹಾಗೆ ಹೊರಳಾಡುತ್ತಿತ್ತು. ಮೊನ್ನೆ ನಿನ್ನ ಕೂದಲೂ ಅದೇ ಮುಷ್ಟಿಯಲ್ಲಿತ್ತಲ್ಲವೇ?

ಅವನು ಹೆಂಗಸರ ಹಾಗೆ ಕೂಗಿಕೊಂಡ ಅಂತ ಬರೆಯಲು ಹೊರಟಿದ್ದೆ, ತಪ್ಪು. ಈ ಮನೆಯ ಹೆಂಗಸರು ಯಾವತ್ತೂ ಹಾಗೆ ಕೂಗಿದವರಲ್ಲ. ಹಲ್ಲಿ ಅವನ ನೆತ್ತಿಯಿಂದ ಹೆಗಲಿಗೆ, ಹೆಗಲಿನಿಂದ ನೆಲಕ್ಕೆ ಬಿದ್ದು ಬೀರುವಿನ ಕಡೆಗೆ ಓಡಿತು. ಅವನು ಅದನ್ನು ತುಳಿಯಲು ಕಾಲೆತ್ತಿದ. ನನ್ನ ಕೈಗೆ ಒಲೆಯ ಮೇಲಿದ್ದ ಪಾತ್ರೆ ಸಿಕ್ಕಿತು.

ನೀರನ್ನು ಅವನ ಕಾಲಿಗೇ ಗುರಿಯಿಟ್ಟು ಹೊಯ್ದೆ. ಕೈ ತಪ್ಪಿ ಚೆಲ್ಲಿದ್ದಲ್ಲ, ನಿನಗೆ ಸುಳ್ಳು ಹೇಳುವುದಿಲ್ಲ. ಚರ್ಮ ಹಾಲಿನ ಕೆನೆಯ ಹಾಗೆ ಎದ್ದಿತು. ಅವನು ಬಿದ್ದ. ಬಿದ್ದವನು ಅಷ್ಟಕ್ಕೆ ಸುಮ್ಮನಿದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ‘ಎಲ್ಲಿದ್ರೂ ಉಡುಕ್ತೀನಿ, ಕುಯ್ದಾಕ್ತೀನಿ ಅವಳ್ನ’ ಅಂದ. ನಾನು ಅವನ ಎದೆಯ ಮೇಲೆ ಕೂತೆ. ಬಲಗೈಯಿಂದ ಬಾಯಿಗೆ ಹೊಡೆದೆ. ಬಾಯಿಗೇ. ಬಟ್ಟಲು ತಾಗಿದ ಜಾಗಕ್ಕೆ. ಅವನ ಹಲ್ಲು ನನ್ನ ಬೆರಳಿನ ಗೆಣ್ಣಿಗೆ ಕಚ್ಚಿಕೊಂಡಿತು, ಬಿಡಿಸಿಕೊಂಡು ಮತ್ತೆ ಹೊಡೆದೆ. ಮುಖದ ಮೇಲಿನ ರಕ್ತ ಯಾರದ್ದು, ನನ್ನದೋ ಅವನದೋ ಗೊತ್ತಾಗಲಿಲ್ಲ. ಅಕ್ಷರ ಸೊಟ್ಟಗಿರುವುದು ಅದಕ್ಕೇ, ಚಳಿಗಲ್ಲ. ಬೆರಳು ಬಾಳೆಕಾಯಿಯ ಹಾಗೆ ಊದಿವೆ.

ಇನ್ನೊಂದು ಮಾತನ್ನೂ ಬರೆಯಬೇಕು. ಹೊಡೆಯುವಾಗ ನನಗೆ ಹಿತವಾಗಿತ್ತು. ನೊಣ ಬಂದು ಕೂತರೂ ಹೊಡೆಯದೆ ಕೈ ಬೀಸಿ ಓಡಿಸುತ್ತಿದ್ದ ನನಗೆ! ಸೆಲ್ವಿಯ ಗಂಡ ಸೆಲ್ವರಾಜ್ ಓಡಿಬಂದು ಕಂಕುಳಿಗೆ ಕೈ ಹಾಕಿ ಎಳೆದ. ‘ಸತ್ತೋಯ್ತಾನೆ ಅಯ್ಯಾ, ಬುಡೀ! ಈ ವಯಸ್ಸಲ್ಲಿ ಜೈಲು ಮುದ್ದೆ ತಿನ್ನೋ ಆಸೆನಾ?’ ಎಂದ. ತಿನ್ನುತ್ತೇನೆ ಬಿಡು ಅಂದೆ. ಆಗ ಬೈರೇಶನನ್ನು ಕೊಂದೇಬಿಡಬೇಕು ಅನ್ನಿಸಿದ್ದೂ ನಿಜ. ಈಗ ಇಲ್ಲ. ಈಗ ಬೆರಳು ನೋಯುತ್ತಿವೆ.

ಸೆಲ್ವರಾಜ್ ಅವನನ್ನು ತನ್ನ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದ. ನಾನು ಮೊದಲು ಮಾಡಿದ್ದು ಬೀರುವಿನ ಕೆಳಗೆ ಕೈ ಹಾಕಿ ಹಲ್ಲಿಯನ್ನು ತೆಗೆದದ್ದು. ಬಾಲವಿಲ್ಲದೆ ಮೊಂಡಾಗಿ, ಬಾಯಿ ತೆರೆದುಕೊಂಡಿತ್ತು. ಮತ್ತೆ ನೀರು ಕಾಯಿಸಿದೆ. ರಬ್ಬರ್ ಚೀಲದ ಸಂಗತಿಯೆಲ್ಲ ಆಮೇಲೆ ನಡೆದದ್ದು.

ಇಷ್ಟನ್ನು ನಾನು ಮುಚ್ಚಿಟ್ಟದ್ದು ಪೊಲೀಸಿನವರ ಭಯಕ್ಕಲ್ಲ. ನಿನ್ನ ಭಯಕ್ಕೆ. ಅವನಿಗೆ ಪೆಟ್ಟಾಗಿದೆ ಎಂದು ಕೇಳಿದರೆ ನೀನು ಮುಂದಿನ ಗಾಡಿ ಹಿಡಿಯುತ್ತೀಯ. ಹಿಂದೆ ನಮ್ಮ ಬಾಗಿಲಲ್ಲಿ ಕೂತು ಅತ್ತ, ನೀನು ಹೋದೆ. ಕೋಟಿಲಿಂಗದಲ್ಲಿ ಕರ್ಪೂರ ಹಚ್ಚಿ ಆಣೆ ಇಟ್ಟ, ಹೋದೆ. ಅವನಿಗೆ ಜ್ವರವೆಂದು ಅವನಮ್ಮ ಫೋನ್ ಮಾಡಿದ್ದಕ್ಕೂ ಹೋದೆ. ಹೋದಾಗಲೆಲ್ಲ ನಾನೇ ನಿನ್ನ ಚೀಲ ಹೊತ್ತು ಬಂದು ಗಾಡಿ ಹತ್ತಿಸಿದೆ.

ಈ ಸಲ ಅದಕ್ಕಿಂತ ದೊಡ್ಡ ಕರೆ ಬಂದಿದೆ. ಸೆಲ್ವರಾಜ್ ಆಸ್ಪತ್ರೆಯಿಂದ ವಾಪಸು ಬಂದು ಹೇಳಿದ. ಕಾಲಿಗೆ ಪಟ್ಟಿ ಕಟ್ಟಿದ್ದಾರೆ, ತುಟಿಗೆ ಹೊಲಿಗೆ ಹಾಕಿದ್ದಾರೆ, ಅವನ ಗಮನ ಅದರ ಮೇಲಿಲ್ಲ. ಕೈ ತಲೆಯ ಮೇಲೆಯೇ ಇದೆ. ನೆತ್ತಿಯ ಮೇಲೆ ಹಲ್ಲಿ ಬಿದ್ದರೆ ಸಾವು ಎಂದು ಪಂಚಾಂಗದಲ್ಲಿದೆಯಲ್ಲ. ಇದು ಫಾರಿನ್ ಹಲ್ಲಿ, ಇದಕ್ಕೆ ಶಕುನ ಗಿಕುನ ಏನೂ ಇಲ್ಲ ಎಂದು ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುತ್ತಿದ್ದವನು ಇವನೇ! ಡಾಕ್ಟರಿಗೂ ‘ನೀರು ನಾನೇ ಚೆಲ್ಲಿಕೊಂಡೆ’ ಅಂದನಂತೆ. ಯಾಕೆ ಗೊತ್ತೇ? ಅವನಿಗೆ ಈಗ ಕೇಸು ಬೇಡ, ನೀನು ಬೇಕು.

ಮೈಮೇಲೆ ಹಲ್ಲಿ ಬಿದ್ದವರು ಕಂಚಿಯ ದೇವಸ್ಥಾನದ ಬಂಗಾರದ ಹಲ್ಲಿಯನ್ನು ಮುಟ್ಟಿಬರಬೇಕು. ಅಷ್ಟು ದೂರ ಹೋಗಲಾಗದವರು ಅದನ್ನು ಮುಟ್ಟಿದವರ ಕೈಯಿಂದ ಮುಟ್ಟಿಸಿಕೊಂಡರೂ ಆಯಿತು. ಈ ಲೈನಿನಲ್ಲಿ ಯಾರ ಮೇಲೆ ಹಲ್ಲಿ ಬಿದ್ದರೂ ಸ್ನಾನ ಮಾಡಿ ಒದ್ದೆ ಕೂದಲಲ್ಲೇ ಬಂದು, ಕಂಚಿಯಲ್ಲಿ ಮುಟ್ಟಿದ್ದ ನಿಮ್ಮಮ್ಮ ಅಶ್ವತ್ಥಮ್ಮನ ಮುಂದೆ ತಲೆ ಬಗ್ಗಿಸಿ ನಿಲ್ಲುತ್ತಿದ್ದರು. ಅವಳು ಹೋದಮೇಲೆ ನೀನು ತವರಿಗೆ ಬಂದಾಗ ನಿನ್ನ ಮುಂದೆ. ‘ನಮ್ಮ ಸುಮಾನೂ ಚಿಕ್ಕವಳಿದ್ದಾಗ್ಲೇ ಕಂಚಿ ಬಂಗಾರದ್ ಅಲ್ಲೀನ ಮುಟ್ಟವ್ಳೆ’ ಎಂದು ನಿಮ್ಮಮ್ಮ ಮದುವೆ ಮಾತುಕತೆಯಲ್ಲಿ ಹೇಳಿದಾಗ ಅವನ ತಾಯಿಯ ಮುಖ ಅರಳಿದ್ದು ನನಗಿನ್ನೂ ನೆನಪಿದೆ.

ಅದಕ್ಕೇ ಅವನು ಹೇಳಿಕಳಿಸಿದ್ದಾನೆ. ‘ಮಾವಂಗೆ ಯೋಳು, ಕಾಲಿಗ್ ಬೀಳ್ತೀನಿ. ಸುಮ ಬಂದು ಒಂದ್ಸಲಿ ತಲೆ ಮುಟ್ಬುಟ್ಟು ಓಗ್ಲಿ. ಅಲ್ಲಿಗಂಟ ನಾನು ಅನ್ನ ಮುಟ್ಟಾಕಿಲ್ಲ.’ ಬೆಳಿಗ್ಗೆ ಮಾವ, ಆಮೇಲೆ ಮುದ್ಕ, ಸಂಜೆಗೆ ಮತ್ತೆ ಮಾವ. ತಾಯಿ ಬ್ರೆಡ್ಡು ಹಾಲು ಹಿಡಿದುಕೊಂಡು ಮಂಚದ ಪಕ್ಕದಲ್ಲಿ ಅಳುತ್ತಾ ಕೂತಿದ್ದಾಳಂತೆ. ನಿಜವಾಗಿಯೂ ಬಾಯಿ ಬಿಡುತ್ತಿಲ್ಲವಂತೆ.

ಓದಿ ನಿನ್ನ ಕರುಳು ಎಳೆಯುತ್ತದೆ, ಗೊತ್ತು. ಮುಟ್ಟಿ ಬಂದುಬಿಡೋಣ, ಒಂದು ಪ್ರಾಣದ ವಿಷಯ ಅಂದುಕೊಳ್ಳುತ್ತೀಯ. ತಲೆ ಮುಟ್ಟಲು ಹೋದ ಕೈಯನ್ನು ಅವನು ವಾಪಸು ಬಿಡುವುದಿಲ್ಲ ಸುಮಾ. ಬರಬೇಡ. ಯಾರು ಬಂದು ಕರೆದರೂ, ನಾನೇ ಬಂದು ಕರೆದರೂ ಬರಬೇಡ. ಊಟ ಬಿಟ್ಟವರನ್ನೆಲ್ಲ ಉಣ್ಣಿಸುವುದು ನಿನ್ನ ಕೆಲಸವಲ್ಲ. ಹಲ್ಲಿಗೆ ನಾನಿದ್ದೇನೆ. ಅವನಿಗೆ ಅವನಮ್ಮ ಇದ್ದಾಳೆ. ಪಾಪಕ್ಕನಿಗೆ ಹೇಳಿ ಆ ಹಲ್ಲು ತೋರಿಸಿಕೋ, ಕೀವು ಕಟ್ಟೀತು. ಪೊಲೀಸಿನವರು ನನ್ನ ಹತ್ತಿರ ಬಂದರೆ ಬರಲಿ, ನಿನ್ನ ತೋಳಿನ ಬರೆಯಿಂದ ಶುರುಮಾಡಿ ಎಲ್ಲವನ್ನೂ ಹೇಳುತ್ತೇನೆ. ದಿ ಟ್ರೂತ್, ಹೋಲ್ ಟ್ರೂತ್, ಮುಂದಿನದು ಮರೆತಿದೆ.

ಇನ್ನೂ ಏನೋ ಬರೆಯುವುದಿತ್ತು. ಸಾಲು ಕಾಣಿಸುತ್ತಿಲ್ಲ. ಆಗಲೇ ಬೆಳಕು ಹೋಗುತ್ತಿದೆ, ದಿಬ್ಬದ ತುದಿಯಲ್ಲಿ ಒಂದಿಷ್ಟು ಕೆಂಪು ಉಳಿದಿದೆ, ಅಷ್ಟೇ. ಲೈಟು ಹಾಕಿಲ್ಲ. ಹಾಕಿದರೆ ಇದು ಒಳಗೆ ಹೋಗಿಬಿಡುತ್ತದೆ. ಹೌದು, ಹೊರಗೆ ಬಂದಿದೆ. ಹೆಂಚಿನಿಂದ ಪೂರ್ತಿ ಹೊರಗೆ. ಒಂದು ಕುಂಟು ಮಿಡತೆ ಪೆಟ್ಟಿಗೆಯ ಮೂಲೆಯಲ್ಲಿ ಕದಲಿತು. ಹಲ್ಲಿ ಕತ್ತು ಓರೆ ಮಾಡಿ ನೋಡುತ್ತಿದೆ. ಇಲ್ಲದ ಬಾಲದ ಬುಡ ಅಲ್ಲಾಡುತ್ತಿದೆ.

ಹಿಡಿಯಿತು! ಕಚಕ್ ಎಂದಿತು, ನನಗೇ ಕೇಳಿಸಿತು. ಮಿಡತೆಯ ಮೀಸೆ ಬಾಯಿಯ ಹೊರಗೆ ಇನ್ನೂ ಆಡುತ್ತಿದೆ. ನುಂಗಿತು. ಇನ್ನೊಂದರ ಕಡೆಗೆ ತಿರುಗಿತು. ನಿಲ್ಲಿಸುತ್ತೇನೆ.

ನಿನ್ನ ಅಪ್ಪ
ವೆಂಕಟೇಶಪ್ಪ

ವಿ.ಸೂ.: ಕತ್ತಲಲ್ಲೇ ಗೀಚುತ್ತಿದ್ದೇನೆ, ಓದಿಕೋ. ಕಂಚಿಯಲ್ಲಿ ಆ ದಿನ ನೀನು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದೆ, ಎಬ್ಬಿಸಿದರೂ ಏಳಲಿಲ್ಲ. ನಿಮ್ಮಮ್ಮ ಮುಟ್ಟಿದಳು, ನಾನೂ ಮುಟ್ಟಿದೆ. ನೀನು ಮುಟ್ಟಲಿಲ್ಲ. ಅಷ್ಟು ದೂರ ಹೋಗಿ ಮಗು ಮುಟ್ಟಲಿಲ್ಲ ಎಂದು ಹೇಳಿಕೊಳ್ಳುವುದು ಹೇಗೆಂದು ನಿಮ್ಮಮ್ಮ ಎಲ್ಲರಿಗೂ ಮುಟ್ಟಿದಳು ಅಂದಳು, ನಾನು ಸುಮ್ಮನಿದ್ದೆ. ನಿನ್ನ ಕೈಯಿಂದ ಅವನಿಗೆ ಆಗಬೇಕಾದದ್ದು ಏನೂ ಇಲ್ಲ. ನಾನು ಕಂಚಿಯ ಹಲ್ಲಿ ಮುಟ್ಟಿದ್ದು ಬಲಗೈಯಿಂದ. ಅದೇ ಕೈ ಇವತ್ತು ಅವನನ್ನು ಬೇಕಾದಷ್ಟು ಸಲ ಮುಟ್ಟಿದೆ. ದೋಷ ಅಂತ ಏನಾದರೂ ಇದ್ದಿದ್ದರೆ ಅಲ್ಲೇ ಕಳೆದುಹೋಗಿದೆ. ಇದನ್ನು ಅವನಿಗೆ ಹೇಳಿಕಳಿಸಬೇಕೋ, ಇನ್ನಷ್ಟು ದಿನ ಹೆದರಿಕೊಂಡೇ ಇರಲಿ ಎಂದು ಬಿಡಬೇಕೋ ಯೋಚಿಸುತ್ತಿದ್ದೇನೆ. ಸದ್ಯಕ್ಕೆ ಬಿಟ್ಟಿದ್ದೇನೆ.